ಮರ್ಯಾದೆಯ ಕಾಟ

ಮಕ್ಕಳಿಗೆ ಹೇಳಿಕೊಟ್ಟ ಪಾಠ ಕ್ಲಾಸಿನ ಬಾಗಿಲು ದಾಟಿದ ಮೇಲೆ ಯಾವ ಬೀದಿ ಸುತ್ತಿ, ಯಾರ ಮನೆಯ ಅಡುಗೆಮನೆ ಹೊಕ್ಕು, ಯಾವ ವೇಷದಲ್ಲಿ ತಿರುಗಿ ನನ್ನ ಮುಂದೆ ಬಂದು ನಿಲ್ಲುತ್ತದೋ, ಆ ಗಣಪತಿಗೇ ಗೊತ್ತು. ಅವನ ದಯೆಯಿಂದ ಬಿಟಿಎಂ ಲೇಔಟಿನ ಒಂದು ಸಣ್ಣ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೆ ಕನ್ನಡ ಹೇಳಿಕೊಂಡು ಬಂದಿದ್ದೇನೆ. ದಿನಾ ಬೆಳಿಗ್ಗೆ ತ್ಯಾಗರಾಜನಗರದ ನಮ್ಮ ಮನೆ ಹತ್ತಿರದ ಗುಡಿಯಲ್ಲಿ ಅವನಿಗೊಂದು ಕೈಮುಗಿದು, 'ಇವತ್ತು ಏನು ತೋರಿಸ್ತೀಯೋ ತೋರಿಸಪ್ಪಾ' ಎಂದು ಹೇಳಿಯೇ ಬಸ್ಸು ಹತ್ತುವುದು. ಅವನೂ ಒಂದು ದಿನವೂ ಬರಿಗೈಯಲ್ಲಿ ಕಳಿಸಿದವನಲ್ಲ.

ಈ ವರ್ಷ ಹೆಡ್‌ಮಿಸ್ ಹೊಸ ಕೆಲಸ ವಹಿಸಿದರು. ಶಾಲೆಯಲ್ಲಿ ಯಾರಾದರೂ ಕಾಟ ಕೊಟ್ಟರೆ ಮಗು ಏನು ಮಾಡಬೇಕು ಎನ್ನುವುದನ್ನು ವಾರಕ್ಕೊಂದು ಪೀರಿಯಡ್ ಹೇಳಿಕೊಡಬೇಕು. ಅಲ್ಲಿಂದ ಶುರುವಾಯಿತು.

ಅಂಗೈ

ಮೊದಲು ನಮಗೇ ಟ್ರೈನಿಂಗ್ ಆಯಿತು. ಹೇಳಿಕೊಡಲು ಬಂದಿದ್ದ ಹುಡುಗಿ ನನ್ನ ಮಗಳಿಗಿಂತ ಚಿಕ್ಕವಳು, ಪಾಪ ಬಹಳ ಚೆನ್ನಾಗಿ ಹೇಳಿದಳು. ಕಾಟ ಕೊಡುವವರ ಮುಂದೆ ಅಂಗೈ ಎತ್ತಿ ಹಿಡಿಯಬೇಕು. 'ನಿಲ್ಲಿಸು, ನನಗೆ ಇದು ಇಷ್ಟ ಆಗ್ತಿಲ್ಲ' ಎಂದು ಗಟ್ಟಿಯಾಗಿ ಹೇಳಬೇಕು. ಆಮೇಲೆ ಅಲ್ಲಿಂದ ಹೊರಟು ದೊಡ್ಡವರೊಬ್ಬರಿಗೆ ತಿಳಿಸಬೇಕು. ಅಷ್ಟೇ.

ಕ್ಲಾಸಿಗೆ ಹೋಗಿ, ಬುಲ್ಲಿಯಿಂಗ್ ಅಂದರೆ ಕನ್ನಡದಲ್ಲಿ ಏನಂತೀರಿ ಮಕ್ಕಳೇ ಎಂದು ಕೇಳಿದೆ. ರೇಗಿಸೋದು ಅಂದಿತು ಒಂದು. ಗೋಳು ಹುಯ್ಕೊಳ್ಳೋದು ಅಂದಿತು ಇನ್ನೊಂದು. ಮುಂದಿನ ಬೆಂಚಿನ ಪುಟ್ಟ ಹುಡುಗ ಬಹಳ ಯೋಚಿಸಿ, "ಮಿಸ್, ನಮ್ಮನೇಲಿ ಅದಕ್ಕೆ ಅಕ್ಕ ಅಂತಾರೆ" ಅಂದ.

ಎಲ್ಲರನ್ನೂ ನಿಲ್ಲಿಸಿ ಅಂಗೈ ಎತ್ತಿಸಿದೆ. ಸಾಲು ಸಾಲಾಗಿ ಪುಟ್ಟ ಪುಟ್ಟ ಅಂಗೈಗಳು ಮೇಲೆದ್ದಾಗ ನನಗೆ ಒಂದು ಕ್ಷಣ ಮೈ ಜುಮ್ಮೆಂದಿತು. ಕರಿಹಲಗೆಯ ಮೇಲೆ ತೂಗುಹಾಕಿದ ಗಣಪತಿಯ ಪಟದಲ್ಲೂ ಅದೇ ಕೈ. ನಾವು ಅಭಯಹಸ್ತ ಅಂತೀವಲ್ಲ, ಅದೇ. ಇಷ್ಟು ವರ್ಷ ನೋಡಿದ್ದರೂ ಇದು ಹೊಳೆದಿರಲಿಲ್ಲ. ಮಕ್ಕಳಿಗೂ ತೋರಿಸಿ, ಗಣಪತಿ ಯಾಕೆ ಹೀಗೆ ಕೈ ಹಿಡಿದಿದ್ದಾನೆ ಹೇಳಿ ನೋಡೋಣ ಎಂದೆ. 'ಹೆದರಬೇಡಿ ಅಂತ' ಎನ್ನುವ ಉತ್ತರಕ್ಕೆ ಕಾಯುತ್ತಿದ್ದೆ.

ಮುಂದಿನ ಬೆಂಚಿನ ಆ ಅಕ್ಕನ ತಮ್ಮ ಪಟವನ್ನೇ ದಿಟ್ಟಿಸಿ ನೋಡಿದ. "ಮಿಸ್, ಇನ್ನೊಂದು ಕೈಯಲ್ಲಿ ಮೋದಕ ಇದೆ. ಯಾರೋ ಕಿತ್ಕೊಳ್ಳೋಕೆ ಬಂದಿದಾರೆ."

ಪಡವಲಕಾಯಿ

ಮನೆಯಲ್ಲೂ ಅಭ್ಯಾಸ ಮಾಡಿ ಎಂದು ಕಳಿಸಿದ್ದೆ. ಮಾಡಿದರು.

ಮಾರನೇ ದಿನ ಒಬ್ಬ ತಾಯಿ ಗೇಟಿನ ಹತ್ತಿರ ಕಾದಿದ್ದರು. ರಾತ್ರಿ ಮಗಳ ತಟ್ಟೆಗೆ ಪಡವಲಕಾಯಿ ಪಲ್ಯ ಬಡಿಸಲು ಹೋದರೆ ಅಂಗೈ ಅಡ್ಡ ಬಂತಂತೆ. 'ನಿಲ್ಲಿಸು, ನನಗೆ ಇದು ಇಷ್ಟ ಆಗ್ತಿಲ್ಲ' ಎಂದು ಗಟ್ಟಿಯಾಗಿ ಹೇಳಿ, ತಟ್ಟೆ ಬಿಟ್ಟು ಎದ್ದು, ಪಾಠದ ಪ್ರಕಾರ ದೊಡ್ಡವರಿಗೆ ತಿಳಿಸಲು ಅಜ್ಜಿಯ ಹತ್ತಿರ ಹೋದಳಂತೆ.

ಹೋಗಲಿ, ಅಜ್ಜಿ ಬುದ್ಧಿ ಹೇಳಿರಬೇಕಲ್ಲ ಅಂದೆ.

"ಎಲ್ಲಿ ಮಿಸ್, ಇವತ್ತು ಬೆಳಿಗ್ಗೆ ಉಪ್ಪಿಟ್ಟಿಗೆ ನಮ್ಮತ್ತೆಯವರೂ ಕೈ ಎತ್ತಿದ್ರು."

ಅದೇ ವಾರ ಗುಡಿಯಲ್ಲಿ ಅರ್ಚಕರು ತೀರ್ಥ ಕೊಡುತ್ತಾ ನಗುತ್ತಿದ್ದರು. ನಮ್ಮ ಬೀದಿಯಿಂದಲೇ ಶಾಲೆಗೆ ಬರುವ ಹುಡುಗನೊಬ್ಬನಿಗೆ ಅವರು ಹಣೆಗೆ ಕುಂಕುಮ ಇಡಲು ಹೋದಾಗಲೂ ಇದೇ ಆಗಿತ್ತು. ಕುಂಕುಮ ಮೂಗಿನ ಮೇಲೆ ಉದುರಿದರೆ ಅವನಿಗೆ ಸೀನು ಬರುತ್ತದೆ. "ನಲವತ್ತು ವರ್ಷದಿಂದ ಪೂಜೆ ಮಾಡ್ತಿದೀನಮ್ಮ, ದೇವರು ಒಂದು ದಿನ ಬಾಯ್ಬಿಟ್ಟು ಮಾತಾಡಿದ್ದಿಲ್ಲ. ನಿಮ್ಮ ಹುಡುಗ ಎದುರಿಗೇ ನಿಂತು ಅಭಯ ಕೊಟ್ಟು ಹೋದ" ಅಂದರು.

ರೀ

ಹೀಗೆ ಪಲ್ಯಕ್ಕೂ ಕುಂಕುಮಕ್ಕೂ ಎದ್ದ ಕೈ ನಿಜವಾಗಿ ಏಳಬೇಕಾದ ಜಾಗದಲ್ಲಿ ಏಳುತ್ತಿರಲಿಲ್ಲ.

ಬಾಗಲಕೋಟೆ ಕಡೆಯ ಹುಡುಗಿಯೊಬ್ಬಳು ಜೂನ್‌ನಲ್ಲಿ ಬಂದು ಸೇರಿದ್ದಳು. ಅಪ್ಪನಿಗೆ ಇಲ್ಲಿ ಯಾವುದೋ ಆಫೀಸಿನಲ್ಲಿ ಕೆಲಸ. ಹಾಜರಿ ಕರೆದರೆ ಎಲ್ಲ ಮಕ್ಕಳೂ "ಪ್ರೆಸೆಂಟ್ ಮಿಸ್" ಎಂದರೆ ಇವಳು ಎದ್ದು ನಿಂತು, "ಅದೀನ್ರೀ ಮಿಸ್" ಅನ್ನುತ್ತಿದ್ದಳು. ನನಗೆ ಅದನ್ನು ಕೇಳುವುದೇ ಒಂದು ಖುಷಿ. ಗಣೇಶನ ಹಬ್ಬ ಕಳೆಯುವ ಹೊತ್ತಿಗೆ ಹೆಸರು ಕರೆದರೆ ಬರೀ ಕೈ ಎತ್ತತೊಡಗಿದಳು. ಪ್ರಶ್ನೆ ಕೇಳಿದರೆ ತಲೆ ಆಡಿಸುವುದು. ಪದ್ಯ ಹೇಳು ಎಂದರೆ ನೆಲ ನೋಡುವುದು.

ಒಂದು ದಿನ ಊಟದ ಹೊತ್ತಿಗೆ ಪಕ್ಕ ಕೂರಿಸಿಕೊಂಡು, ಏನಾಯಿತು ಕಂದ, ಯಾರಾದರೂ ಏನಾದರೂ ಅಂದರಾ ಎಂದು ಕೇಳಿದೆ. ಅವಳು ನನ್ನ ಮುಖ ನೋಡಿದಳು. ನಿಧಾನವಾಗಿ ಅಂಗೈ ಎತ್ತಿ ನನಗೇ ಹಿಡಿದಳು. ಪಾಠವನ್ನು ಇಷ್ಟು ಶುದ್ಧವಾಗಿ ಒಪ್ಪಿಸಿದ ಮಗುವಿಗೆ ಏನು ಹೇಳಲಿ, ಎದ್ದು ಬಂದೆ.

ಸಂಜೆ ಅವಳ ತಾಯಿಯನ್ನು ಕರೆಸಿದಾಗ ವಿಷಯ ಗೊತ್ತಾಯಿತು. ಅವರು ಬಾಡಿಗೆಗಿರುವ ಮನೆಯ ಓನರ್‌ಗೆ ಒಬ್ಬ ಮೊಮ್ಮಗ. ಅವನೂ ನನ್ನ ಕ್ಲಾಸೇ, ಗುಂಗುರು ಕೂದಲು, ಆಟದಲ್ಲಿ ಮುಂದು, ಎಲ್ಲರಿಗೂ ಬೇಕಾದವನು. ಓನರ್ ಮನೆಯವರ ಹತ್ತಿರ 'ರೀ' ಹಚ್ಚಿ ಮಾತಾಡಬೇಕು ಎಂದು ತಾಯಿ ಮಗಳಿಗೆ ಹೇಳಿಕೊಟ್ಟಿದ್ದರು. ಮಗಳು ಕ್ಲಾಸಿನಲ್ಲಿ ಅವನ ಪಕ್ಕ ಹೋಗಿ, ಜಾಗ ಕೇಳುತ್ತಾ, "ಸ್ವಲ್ಪ ಸರೀರಿ" ಅಂದಿದ್ದಾಳೆ.

ಅವರ ಊರಲ್ಲಿ 'ರೀ' ಅಂದರೆ ಮರ್ಯಾದೆ, ಹಾಲಿನವನಿಗೂ ಸಲ್ಲುತ್ತದೆ, ತಹಶೀಲ್ದಾರರಿಗೂ ಸಲ್ಲುತ್ತದೆ. ನಮ್ಮ ಕಡೆ ಮನೆಮನೆಯಲ್ಲಿ 'ರೀ' ಅಂತ ಕೇಳಿಸಿದರೆ ಹೆಂಡತಿ ಗಂಡನನ್ನು ಕರೆಯುತ್ತಿದ್ದಾಳೆ ಎಂದು ಅರ್ಥ. ನಾನೇ ಮದುವೆಯಾದಾಗಿನಿಂದ ನಮ್ಮ ಯಜಮಾನರನ್ನು ಹಾಗೇ ಕರೆಯುತ್ತಿರುವುದು. ಕ್ಲಾಸಿಗೆ ಕ್ಲಾಸೇ ಹೋ ಎಂದು ನಕ್ಕಿದೆ. ಹುಡುಗನ ಮುಖ ಕೆಂಪಾಗಿದೆ. ತನ್ನ ಮೇಲೆ ಬಿದ್ದ ನಗುವನ್ನು ಅವಳ ಮೇಲೆ ದಾಟಿಸಿದ್ದಾನೆ. ಅವತ್ತಿನಿಂದ ಅವಳು ಬಾಯಿ ತೆರೆದರೆ ಸಾಕು, ಹಿಂದಿನ ಬೆಂಚಿನಿಂದ "ಏನ್ರೀ, ತಿಂಡಿ ಆಯ್ತೇನ್ರೀ, ಕಾಫಿ ತರ್ಲೇನ್ರೀ". ಸ್ಕೂಲ್ ವ್ಯಾನಿನಲ್ಲೂ ಅದೇ.

ಓನರ್‌ಗೆ ಹೇಳಬಹುದಿತ್ತಲ್ಲಮ್ಮ ಎಂದೆ. ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಅವರ ಮೊಮ್ಮಗ ಅದಾನ್ರೀ. ಏನಂತ ಹೇಳೂದ್ರೀ, ನಿಮ್ಮ ಹುಡುಗಗ ಮರ್ಯಾದಿ ಕೊಟ್ಟಿದ್ದು ತಪ್ಪಾತು ಅಂತ ಹೇಳೂದೇನ್ರೀ?"

ಮಗಳು ದಿನಾ ಬೆಳಿಗ್ಗೆ ಅಳುತ್ತಾಳಂತೆ. ಹೀಗೇ ಆದರೆ ದಸರಾ ರಜೆಗೆ ಊರಿಗೆ ಕರೆದುಕೊಂಡು ಹೋದವಳನ್ನು ಅಲ್ಲೇ ಅಜ್ಜಿಯ ಹತ್ತಿರ ಬಿಟ್ಟು ಬರುವುದೆಂದು ಮನೆಯಲ್ಲಿ ಮಾತಾಗಿತ್ತು. ಅವಳಿಗೆ ಅಪ್ಪ ಅಮ್ಮನನ್ನು ಬಿಟ್ಟಿರಲು ಇಷ್ಟವಿಲ್ಲ, ಶಾಲೆಗೆ ಬರಲೂ ಇಷ್ಟವಿಲ್ಲ.

ದೇವರಿಗೆ ನೀನು

ರಜೆ ಹತ್ತಿರವಿತ್ತು. ಬೆಳಿಗ್ಗೆ ಗುಡಿಯಲ್ಲಿ ನಿಂತು, ಅಂಗೈ ನೀನು ಕೊಟ್ಟೆ, ಬಾಯಿ ಯಾರು ಕೊಡಬೇಕಪ್ಪಾ ಎಂದು ಕೇಳಿಕೊಂಡೆ. ಹುಡುಗನನ್ನು ಪಕ್ಕಕ್ಕೆ ಕರೆದು ಮಾತಾಡಿದೆ. "ತಮಾಷೆಗೆ ಮಿಸ್" ಅಂದ, ತಲೆ ತಗ್ಗಿಸಿದ, ಮತ್ತೆ ವ್ಯಾನಿನಲ್ಲಿ ಶುರು ಮಾಡಿದ.

ಕೊನೆಗೆ ಇಡೀ ಕ್ಲಾಸಿಗೇ ಒಂದು ಪಾಠ ಮಾಡಿದೆ. ಕನ್ನಡ ಒಂದೊಂದು ಊರಿನಲ್ಲಿ ಒಂದೊಂದು ಥರ, 'ರೀ' ಅನ್ನುವುದು ಮರ್ಯಾದೆಯ ಮಾತು, ನಗುವಂಥದ್ದು ಏನೂ ಇಲ್ಲ, ಹೀಗೆ. ಕೇಳುತ್ತಿದ್ದ ಅಕ್ಕನ ತಮ್ಮ ಕೈ ಎತ್ತಿದ. ನನಗೆ ಆಗಲೇ ಭಯವಾಯಿತು.

"ಮಿಸ್, ಹಾಗಾದ್ರೆ ನೀವು ಯಾಕೆ ಗಣಪತಿಗೆ ಬಾರಪ್ಪಾ, ಕೊಡಪ್ಪಾ ಅಂತೀರ? ಬನ್ನಿ ಅನ್ನಲ್ಲ?"

ಯಾರೂ ಕೇಳಿರದ ಪ್ರಶ್ನೆ. ಹೆಡ್‌ಮಿಸ್‌ಗೆ 'ನೀವು', ಮೂರು ಲೋಕ ನಡೆಸುವವನಿಗೆ 'ನೀನು'. ನನಗೂ ಕುತೂಹಲವಾಗಿ ಅಲ್ಲೇ ಯೋಚಿಸಿ ಹೇಳಿದೆ: ಅವನು ನಮಗೆ ತುಂಬಾ ಹತ್ತಿರದವನು. ಅಮ್ಮನಿಗೆ 'ನೀನು' ಅನ್ನಲ್ವಾ, ಫ್ರೆಂಡಿಗೆ 'ಮಗಾ' ಅನ್ನಲ್ವಾ, ಹಾಗೆ.

ಆಗ ಮೂರನೇ ಬೆಂಚಿನಿಂದ, ಬಹಳ ದಿನದ ಮೇಲೆ, ಒಂದು ದನಿ ಬಂತು. "ಹಂಗಂದ್ರ ಮಿಸ್, ದೂರದವರಿಗೆ ಅಷ್ಟ ರೀ ಅನ್ಬೇಕೇನ್ರೀ?"

ಹಿಂದಿನ ಬೆಂಚಿನವರು ನಗಲಿಲ್ಲ. ಪ್ರಶ್ನೆ ಅವರಿಗೂ ಬೇಕಾಗಿತ್ತು. ಹೆಚ್ಚು ಕಡಿಮೆ ಹಾಗೇ ಕಂದ ಎಂದೆ. ಅವಳು ಗುಂಗುರು ಕೂದಲಿನವನ ಕಡೆ ತಿರುಗಿ, ಸಂತೆಯಲ್ಲಿ ಬದನೆಕಾಯಿ ನೋಡುವಂತೆ ಒಂದು ಸಲ ನೋಡಿದಳು. ಆ ನೋಟದ ಅರ್ಥ ನನಗೆ ಅವತ್ತು ಆಗಲಿಲ್ಲ.

ದೂರು

ನಾಲ್ಕಾರು ದಿನ ಕಳೆದಿತ್ತು. ಸ್ಟಾಫ್‌ರೂಮಿನ ಬಾಗಿಲಲ್ಲಿ ಬಿಳಿ ಪಂಚೆಯ ಹಿರಿಯರೊಬ್ಬರು ಮೊಮ್ಮಗನ ಕೈ ಹಿಡಿದು ನಿಂತಿದ್ದರು. ಹುಡುಗಿಯ ಮನೆಯ ಓನರ್ ಅವರೇ. ಈಗ ಸಾಲಾಗಿ ಪಿಜಿಗಳಿರುವ ಜಾಗದಲ್ಲಿ ಒಂದು ಕಾಲಕ್ಕೆ ಸೊಪ್ಪು ಬೆಳೆದವರು. ಕೂತುಕೊಳ್ಳಿ ಎಂದೆ. ಕೂರಲಿಲ್ಲ.

"ಏನೂ ಅನ್ಕೋಬೇಡಿ ಮೇಡಮ್ಮೋರೇ. ನಮ್ಮ ಹುಡುಗನಿಗೆ ಕ್ಲಾಸಲ್ಲಿ ಕಾಟ ಕೊಡ್ತಾವ್ರಂತೆ. ಸ್ಕೂಲಿಗೆ ಬರಲ್ಲ ಅಂತಾನೆ. ನಮ್ಮನೆ ಮೇಲಿರೋ ಆ ಹೆಣ್ಮಗೀದೇ ಮುಂದಾಳತ್ವವಂತೆ."

ನನಗೆ ನಂಬಲಾಗಲಿಲ್ಲ. ಏನು ಮಾಡುತ್ತಾಳೆ, ಹೊಡೆಯುತ್ತಾಳಾ ಎಂದು ಕೇಳಿದೆ.

ಅಜ್ಜ ಮೊಮ್ಮಗನನ್ನು ನೋಡಿದರು. ಮೊಮ್ಮಗ ಗೋಡೆ ನೋಡಿದ. "ಮರ್ಯಾದೆ ಕೊಡ್ತಾಳಂತೆ" ಅಂದರು ಅಜ್ಜ. ಆಮೇಲೆ ತಾವೇ ತಲೆ ಕೆರೆದುಕೊಂಡು, "ನಾನು ಬಾಡಿಗೆಯವರ ಹತ್ರ ಎಷ್ಟು ವರ್ಷದಿಂದ ಅದನ್ನೇ ಕೇಳ್ತಿದೀನಿ, ಒಬ್ಬರೂ ಕೊಡ್ಲಿಲ್ಲ" ಎಂದು ಸೇರಿಸಿದರು.

ಹುಡುಗನಿಂದ ಸ್ವಲ್ಪ ಸ್ವಲ್ಪವೇ ವಿಷಯ ಹೊರಬಿತ್ತು. ಪಾಠದ ಮಾರನೇ ದಿನ ಅವನು ಎಂದಿನಂತೆ "ಏನ್ರೀ" ಎಂದು ರಾಗ ಎಳೆದಿದ್ದಾನೆ. ಅವಳು ಎದ್ದು ನಿಂತು, ಅಂಗೈ ಎತ್ತಿ, ಇಡೀ ಕ್ಲಾಸಿಗೆ ಕೇಳುವಂತೆ, "ನಿಲ್ಲಸ್ರೀ. ನನಗ ಇದು ಸೇರಂಗಿಲ್ರೀ. ನೀವು ನಮಗ ದೂರದವರದೀರಿ, ಅದಕ್ಕ ಮರ್ಯಾದಿಲೆ ಹೇಳಾಕತ್ತೀನ್ರೀ" ಅಂದಿದ್ದಾಳೆ.

ಅದು ಕ್ಲಾಸಿಗೆ ಹಿಡಿಸಿಬಿಟ್ಟಿದೆ. ಆಟದ ಬಯಲಿನಲ್ಲಿ ಯಾರೂ ಅವನಿಗೆ 'ಮಗಾ' ಅನ್ನುತ್ತಿಲ್ಲ. 'ನೀವು ಔಟಾದ್ರಿ, ದಯವಿಟ್ಟು ಬ್ಯಾಟ್ ಕೊಡಿ' ಅನ್ನುತ್ತಾರೆ. ವ್ಯಾನಿನಲ್ಲಿ ಎದ್ದು ಸೀಟು ಬಿಟ್ಟುಕೊಡುತ್ತಾರೆ. ಮೊನ್ನೆ ಅಕ್ಕನ ತಮ್ಮ ಅವನಿಗೆ 'ಅಂಕಲ್' ಅಂದನಂತೆ. ಹೇಳುತ್ತಾ ಹೇಳುತ್ತಾ ಹುಡುಗ ಅಜ್ಜನ ಪಂಚೆಯಲ್ಲಿ ಮುಖ ಒರೆಸಿಕೊಂಡ. ನಗಬಾರದ ಜಾಗ. ಒಳಗೊಳಗೇ ಗಣಪತಿಯನ್ನು ನೆನೆದು ತುಟಿ ಕಚ್ಚಿಕೊಂಡೆ. ಕಾಟ ಕಾಟವೇ, ಯಾರಿಗೆ ಕೊಟ್ಟರೂ ನಿಲ್ಲಿಸಬೇಕಾದ್ದೇ.

ಇದು ಎಲ್ಲಿಂದ ಶುರುವಾಯಿತು ಎನ್ನುವುದನ್ನೂ ಅಜ್ಜನಿಗೆ ನೀನೇ ಹೇಳಪ್ಪಾ ಎಂದೆ. ತಲೆ ತಗ್ಗಿಸಿ ಅದನ್ನೂ ಹೇಳಿದ. ಹುಡುಗಿಯನ್ನು ಊರಲ್ಲೇ ಬಿಟ್ಟು ಬರುವ ಮಾತಾಗಿದೆ ಎನ್ನುವುದನ್ನು ನಾನು ಸೇರಿಸಿದೆ. ಅಜ್ಜ ಈಗ ಕುರ್ಚಿ ಎಳೆದುಕೊಂಡು ಕೂತರು. ಹುಡುಗಿಯನ್ನು ಕರೆಸಿದೆ.

"ಏನವ್ವಾ, ಇವನ ಕಾಟಕ್ಕೆ ಊರಿಗೆ ಹೋಗ್ಬಿಡ್ತೀಯಂತೆ, ಹೌದಾ?" ಅಜ್ಜ ಮೆಲ್ಲಗೆ ಕೇಳಿದರು.

ಅವಳು ಹುಡುಗನ ಕಡೆ ನೋಡಿದಳು. ನಾನು ಹುಡುಗನಿಗೆ, ನಿನಗೆ ಬೇಜಾರಾಗಿರುವುದನ್ನು ನೀನೇ ಅವಳಿಗೆ ಹೇಳು, ಹೇಳಿಕೊಟ್ಟಿದ್ದೀನಲ್ಲ ಎಂದೆ. ಅವನು ಅಂಗೈ ಎತ್ತಿದ. ಗಟ್ಟಿಯಾಗಿ ಹೇಳಬೇಕೆಂದು ಉಸಿರೆಳೆದುಕೊಂಡ.

"ನಿಲ್ಲಿಸ್ರೀ. ನನಗೆ ಇದು ಇಷ್ಟ ಆಗ್ತಿಲ್ಲರೀ."

ದಿನಾ ಅಣಕಿಸಿ ಅಣಕಿಸಿ ನಾಲಿಗೆಗೆ ಅದೇ ಅಂಟಿಕೊಂಡಿತ್ತು. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಆದರೂ ತಡೆಯಲಿಲ್ಲ, ನಗು ಬೆರಳಿನ ಸಂದಿಯಿಂದ ಉಕ್ಕಿತು. ಹುಡುಗ ಮೊದಲು ಸಿಟ್ಟಾಗಿ, ಆಮೇಲೆ ತಾನು ಏನಂದೆ ಎಂದು ತಿಳಿದು, "ಸಾರಿ. ಇನ್ನು ಅನ್ನಲ್ಲ. ನೀನೂ ನನಗೆ ರೀ ಅನ್ಬೇಡ" ಅಂದ.

"ನೀ ಬಿಟ್ಟರ ನಾನೂ ಬಿಡ್ತೀನಿ. ಹೋಗಲೇ" ಅಂದಳು. ಆಮೇಲೆ ಅಜ್ಜನ ಕಡೆ ತಿರುಗಿ, "ಊರಿಗೆ ರಜಾಕ್ಕ ಅಷ್ಟ ಹೊಂಟೀನ್ರೀ ಅಜ್ಜಾರ. ಅಲ್ಲೇ ಇರಾಕ ನಾ ಒಲ್ಲೆ" ಎಂದು ಹೇಳಿ ಕ್ಲಾಸಿಗೆ ಓಡಿದಳು. 'ಲೇ' ಅನ್ನಿಸಿಕೊಂಡ ಹುಡುಗನ ಮುಖ ನೋಡಬೇಕಿತ್ತು, ಪ್ರಸಾದ ಸಿಕ್ಕವರ ಹಾಗಿತ್ತು.

ದಸರಾ ಮುಗಿದು ಶಾಲೆ ತೆರೆದ ದಿನ ಗುಡಿಯಿಂದ ಇನ್ನೂ ಹೊರಗೆ ಕಾಲಿಟ್ಟಿರಲಿಲ್ಲ, ಫೋನ್ ಬಂತು. ಓನರ್ ಅಜ್ಜ. ಹುಡುಗಿ ಊರಿಂದ ಬಂದಳಾ ಎಂದು ಕೇಳಿದೆ.

"ಬಂದವ್ಳೆ ಮೇಡಮ್ಮೋರೇ, ಬಂದವ್ಳೆ. ಈಗ್ತಾನೆ ವ್ಯಾನ್ ಹತ್ತಿದ್ರು ಇಬ್ರೂ. ಒಂದು ಮಾತು ಹೇಳ್ಬೇಕಿತ್ತು. ಬೆಳಿಗ್ಗೆ ಮೆಟ್ಟಿಲ ಮೇಲೆ ನಿಂತು 'ಬಾರಲೇ, ವ್ಯಾನ್ ಬಂದೈತಿ' ಅಂತ ಇಡೀ ಬೀದಿ ಕೇಳೋಹಂಗೆ ಕೂಗಿದ್ಳು. ನಮ್ಮ ಹುಡುಗನಿಗೆ ಸಖತ್ ಖುಷಿ, ನಂದೇನೂ ತಕರಾರಿಲ್ಲ."

ಮತ್ತೇನು ಎಂದೆ.

"ಆ ಕೂಗಿಗೆ ನನ್ನೇ ಕರೆದಂಗಾಗಿ ನಾನೂ ಎದ್ದು ಚಪ್ಪಲಿ ಹಾಕ್ಕೊಂಡು ವ್ಯಾನ್ ಹತ್ತಿಬಿಟ್ಟಿದ್ದೆ."