ಎಲ್ಲಿಗೆ ಅಂತ ಕೇಳುವ ಫೋನು

ಗಡಿಯಾಚೆ ತಮಿಳುನಾಡಿಗೆ ಸೇರಿದ ತಾಳವಾಡಿಯ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಫೋನು ಕೆಟ್ಟು ಬರುವವರಿಗಿಂತ ಫೋನಿಗೆ ಹೆದರಿ ಬರುವವರೇ ಹೆಚ್ಚು. ಅವರಿಗೆಲ್ಲ ಧೈರ್ಯ ಹೇಳಿ ಕಳಿಸುವ ನಾನೇ ಹುಟ್ಟಾ ಪುಕ್ಕಲ ಅನ್ನುವುದು ಅವರಿಗೆ ಗೊತ್ತಿಲ್ಲ. ಇಂಥ ಪ್ರಸಂಗಗಳು ವಾರಕ್ಕೊಂದಾದರೂ ನಡೆಯುತ್ತಲೇ ಇರುತ್ತವೆ. ಕೊನೆಯದೊಂದು ಮಾತ್ರ ನನ್ನ ಮಗಳ ಮದುವೆಗೇ ಸಂಚಕಾರ ತರುವುದರಲ್ಲಿತ್ತು.

ಬರುವಾಗ ಕೇಳಲಿ

ನಮ್ಮೂರು ಜೀರಹಳ್ಳಿಯ ಯಜಮಾನರೊಬ್ಬರು ಹೊಸ ಫೋನನ್ನು ಮೇಜಿನ ಮೇಲೆ ಕುಕ್ಕಿದರು.

"ಇದ್ಕೆ ಒಸಿ ಬುದ್ದಿ ಏಳಪ್ಪ. ಒಸ್ಲು ದಾಟಂಗಿಲ್ಲ, ಎಲ್ಲಿದ್ದೀಯೆ ತಿಳ್ಕಳ್ಳಾ ಅಂತ ಕೇಳ್ತದೆ. ಒಂಟೋರ್ನ ಎಲ್ಗೆ ಅಂದ್ರೆ ಓದ ಕೆಲ್ಸ ಆದದಾ?"

ನಮ್ಮ ಕಡೆ ಹೊರಟವರನ್ನು ಎಲ್ಲಿಗೆ ಅಂತ ಯಾರೂ ಕೇಳುವುದಿಲ್ಲ. ತಪ್ಪಿ ಕೇಳಿಬಿಟ್ಟರೆ ಒಳಗೆ ಹೋಗಿ ಕೂತು, ನೀರು ಕುಡಿದು, ಮತ್ತೆ ಹೊರಡಬೇಕು. ಅವತ್ತು ಫೋನು ಮೂರು ಸಲ ಕೇಳಿತ್ತಂತೆ. ಯಜಮಾನರು ಮೂರು ಸಲ ಒಳಗೆ ಹೋಗಿ ಮೂರು ಚೊಂಬು ನೀರು ಕುಡಿದು ಬಸ್ಸು ತಪ್ಪಿಸಿಕೊಂಡಿದ್ದರು.

ಫೋನು ಕೇಳುವ ಲೊಕೇಶನ್ ಅನುಮತಿಗೆ ಮೂರು ಉತ್ತರ ಉಂಟು, ಬಳಸುವಾಗ ಮಾತ್ರ, ಈ ಸಲ ಮಾತ್ರ, ಬೇಡ, ಯಾವುದು ಹಾಕಲಿ ಅಂತ ಕೇಳಿದೆ.

"ಬ್ಯಾಡ ಅಂದ್ರೆ ಅದು ಬೇಜಾರ್ ಮಾಡ್ಕಂಡದು. ಬತ್ತಾ ಬೇಕಾದ್ರೆ ಕೇಳ್ಕಳ್ಳಿ, ಓಗ್ತಾ ಮಾತ್ರ ಬಾಯ್ ಮುಚ್ಕಂಡಿರ್ಲಿ. ಅಂಗೆ ಮಾಡ್ಕೊಡು."

ನಿಯತ್ತಿನ ಕಾವಲು

ಪಕ್ಕದ ಬೀದಿಯ ಹೆಂಗಸೊಬ್ಬಳು ಗಂಡನನ್ನೂ ಅವನ ಫೋನನ್ನೂ ಎಳೆದು ತಂದು, ಅವನು ಎಲ್ಲಿದ್ದರೂ ತನ್ನ ಫೋನಿನಲ್ಲಿ ಕಾಣುವ ಹಾಗೆ ಮಾಡಿಸಿಕೊಂಡು ಹೋದಳು. ಗಂಡನ ಎದುರಿಗೇ, ಒಪ್ಪಿಗೆ ಪಡೆದೇ. ಜೋಳದ ಹೊಲಕ್ಕೆ ಕೋತಿ ಕಾಯಲು ಹೋದವನು ಟೀ ಅಂಗಡಿ ಕಾಯುತ್ತಾನೆ ಅನ್ನುವುದು ಅವಳ ಗುಮಾನಿ.

ಎಂಟು ದಿನ ಮ್ಯಾಪಿನಲ್ಲಿ ಅವನ ಚುಕ್ಕಿ ಹೊಲ ಬಿಟ್ಟು ಅಲುಗಲಿಲ್ಲ. ಅವಳ ಮನಸ್ಸು ಕರಗಿತು. ಒಂಬತ್ತನೇ ದಿನ ಬಿಸಿ ಮುದ್ದೆ, ಅವರೆಕಾಳಿನ ಸಾರು ಹೊತ್ತು ಹೊಲಕ್ಕೇ ಹೋದಳು. ಗಂಡ ಇರಲಿಲ್ಲ. ಹೊಲದ ನಡುವೆ ನಿಲ್ಲಿಸಿದ್ದ ಬೆದರುಗೊಂಬೆ ಬೆರ್ಚಪ್ಪನ ಅಂಗಿ ಜೇಬಿನಲ್ಲಿ ಫೋನು ಇತ್ತು. ಕೋತಿಗಳು ಜೋಳ ತಿನ್ನುತ್ತಿದ್ದವು.

ಅವಳು ನೇರ ನನ್ನ ಅಂಗಡಿಗೆ ಬಂದಳು. ನನ್ನನ್ನೇ ಬೈಯುತ್ತಾಳೇನೋ ಅಂತ ಕುರ್ಚಿ ಹಿಂದಕ್ಕೆ ಸರಿಸಿಕೊಂಡೆ. ಅವಳು ತಣ್ಣಗೆ ಹೇಳಿದಳು: "ಫೋನು ಸರ್ಯಾಗದೆ ಕಣಣ್ಣ. ಮನ್ಸನ್ಗೆ ಆಕೋದು ಏನಾದ್ರೂ ಅದಾ?"

ಪುಕ್ಕಲು ಸ್ವಭಾವ, ಹೆದರಿಸಬೇಡಿ

ಇನ್ನು ನನ್ನದು. ಗೆಟ್ಟವಾಡಿಯಲ್ಲಿ ನನ್ನ ಅಕ್ಕ ಇದ್ದಾಳೆ. ನನ್ನ ಮೇಲೆ ಪ್ರಾಣ. ಆದರೆ ನನ್ನ ಮಗಳಿಗೆ ಬಂದ ಎರಡು ಸಂಬಂಧವೂ ಅವಳ ಬಾಯಿಂದಲೇ ಮುರಿದಿದ್ದವು. ಮೊದಲನೆಯ ಮನೆಯಲ್ಲಿ ಅಡುಗೆಮನೆ ಇಣುಕಿ ಮೂಗು ಮುಚ್ಚಿಕೊಂಡಳು. ಎರಡನೆಯ ಮನೆಯಲ್ಲಿ, ಹುಡುಗನ ತಲೆಗೂದಲು ಸ್ವಂತದ್ದೇನಾ ಅಂತ ಅವನ ತಾಯಿಯನ್ನೇ ಕೇಳಿದಳು. ಸ್ವಂತದ್ದಾಗಿರಲಿಲ್ಲ ಅನ್ನುವುದು ಬೇರೆ ಮಾತು.

ಮೂರನೆಯದು ಚಾಮರಾಜನಗರದಾಚೆಯ ಹಳ್ಳಿ. ಹುಡುಗ ಮಗಳಿಗೂ ಮೆಚ್ಚುಗೆಯಾಗಿದ್ದ. ಇದೂ ತಪ್ಪಿದರೆ ಮಗಳ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಹೆಂಡತಿಯೂ ನಾನೂ ಗುಟ್ಟಾಗಿ ಹೋಗಿ ಗಂಡಿನ ಮನೆ ನೋಡಿಕೊಂಡು ಬರುವುದು, ವೀಳ್ಯ ಬದಲಾಗಿ ಮದುವೆ ಗಟ್ಟಿಯಾಗುವ ತನಕ ಅಕ್ಕನಿಗೆ ಹೇಳಬಾರದು ಅಂತ ನಿಶ್ಚಯವಾಯಿತು. ಯಾರು ಕೇಳಿದರೂ ಗೊತ್ತಿಲ್ಲ ಅನ್ನು ಅಂತ ಮಗಳಿಗೆ ಹೇಳಿಕೊಟ್ಟೆ.

ಜೀರಹಳ್ಳಿಯಿಂದ ಹೊರಟ ಬಸ್ಸು ಕಾಡಿನಂಚಿನಲ್ಲಿ ನಿಂತಿತು. ರಸ್ತೆಯಲ್ಲಿ ಆನೆ ಹಿಂಡು. ಆಗ ನನಗೆ ಭಯವಾಯಿತು, ಆನೆ ಕಂಡಲ್ಲ, ಅಕ್ಕನನ್ನು ನೆನೆದು. ಹಿಂದೊಮ್ಮೆ ಹೀಗೇ ಬಸ್ಸು ನಿಂತು ತಡವಾದಾಗ ಅಕ್ಕ ಅತ್ತಿದ್ದಳು ಅಂತ, ನಾನೇ ಅವಳ ಫೋನಿನಲ್ಲಿ ನನ್ನ ಚುಕ್ಕಿ ಸದಾ ಕಾಣುವ ಹಾಗೆ ಮಾಡಿಕೊಟ್ಟಿದ್ದೆ. ಗಾಬರಿಯಲ್ಲಿ ಲೊಕೇಶನ್ ಆಫ್ ಮಾಡಿದೆ. ಸಾಲದು ಅಂತ ಫೋನನ್ನೂ ಆಫ್ ಮಾಡಿದೆ. ಹೆಂಡತಿಯದನ್ನೂ ಮಾಡಿಸಿದೆ.

ಊರಿಗೆಲ್ಲ ಪಾಠ ಹೇಳುವವನು ಮಾಡಿದ ತಪ್ಪು ಇದು. ಅಕ್ಕನ ಜೊತೆಗಿನ ಹಂಚಿಕೆಯನ್ನೇ ತೆಗೆದಿದ್ದರೆ ಚುಕ್ಕಿ ಮಾಯವಾಗುತ್ತಿತ್ತು. ಬರೀ ಲೊಕೇಶನ್ ಆಫ್ ಮಾಡಿದರೆ ಕೊನೆಗೆ ಎಲ್ಲಿದ್ದೆವೋ ಅಲ್ಲೇ ಅಂಟಿಕೊಂಡಿರುತ್ತದೆ. ನಾನು ಗಂಡಿನ ಮನೆಯ ಜಗಲಿಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದಾಗ, ಅಕ್ಕನ ಫೋನಿನಲ್ಲಿ ಆನೆ ಹಿಂಡಿನ ಮಧ್ಯೆ ಅಲುಗಾಡದೆ ಬಿದ್ದಿದ್ದೆ.

ಆನೆ ರಸ್ತೆಗಿಳಿದ ಸುದ್ದಿಯೂ ಕಿವಿಗೆ ಬಿದ್ದು, ಅಕ್ಕ ಮನೆಗೆ ಫೋನು ಮಾಡಿದ್ದಾಳೆ.

"ಅಪ್ಪ ಎಲ್ಲವ್ವ?"

"ಗೊತ್ತಿಲ್ಲ ಅತ್ತೆ."

"ನಿಮ್ಮವ್ವ?"

"ಗೊತ್ತಿಲ್ಲ ಅತ್ತೆ."

ಸುಳ್ಳು ಹೇಳಿ ಅಭ್ಯಾಸವಿಲ್ಲದ ಹುಡುಗಿ, ದನಿ ನಡುಗಿದೆ. ಅಕ್ಕನಿಗೆ ಅಷ್ಟು ಸಾಕಾಯಿತು.

ಇತ್ತ ಎರಡನೇ ಸಲ ಉಪ್ಪಿಟ್ಟು ಬಡಿಸುತ್ತಿದ್ದಾಗ ಹುಡುಗನ ತಂದೆಯ ಫೋನು ಟಣ್ ಅಂದಿತು. ಅವರು ಫೋನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಫೋನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿಸಿದರು. ಯಾವುದೋ ಮದುವೆ ಊಟದಲ್ಲಿ ನಾನು ಬಾಯಿ ತೆರೆದಿದ್ದ ಫೋಟೋ. ನೆಂಟರ ಗ್ರೂಪಿನಿಂದ ಗ್ರೂಪಿಗೆ ಹಾರಿ ಗಡಿ ದಾಟಿ ಬಂದಿತ್ತು. ಕೆಳಗೆ ಬರೆದಿತ್ತು: "ಇವರು ಬೆಳಿಗ್ಗೆಯಿಂದ ಕಾಣೆಯಾಗಿದ್ದಾರೆ. ಕೊನೆಗೆ ಕಂಡದ್ದು ಆನೆ ನಿಂತ ಜಾಗದಲ್ಲಿ. ಪುಕ್ಕಲು ಸ್ವಭಾವ. ಕಂಡವರು ಹೆದರಿಸದೆ ಹಿಡಿದಿಟ್ಟುಕೊಳ್ಳಿ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಅದರಲ್ಲಿದ್ದ ನಂಬರಿಗೆ ಫೋನು ಮಾಡಿದರು.

"ಜೀವ್ವಾಗವ್ನಾ?" ಅಕ್ಕನ ಅಳು ಜಗಲಿಗೆಲ್ಲ ಕೇಳಿತು.

"ಚೆಂದಾಗವ್ರೆ ಕಣವ್ವ, ಉಪ್ಪಿಟ್ಟು ಆಕುಸ್ಕತಾವ್ರೆ. ಲೊಕೇಶನ್ ಕಳುಸ್ತೀನಿ, ಬನ್ನಿ," ಅಂದರು ಅವರು.

ಟೆಂಪೋ ತುಂಬ ನೆಂಟರೊಂದಿಗೆ ಅಕ್ಕ ಬಂದಿಳಿದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಸೀರೆ ಸೆರಗಿನ ತುಂಬ ಕಾಡಿನ ಮುಳ್ಳು. ಆನೆ ಓಡಾಡುವ ದಾರಿಯಲ್ಲಿ ನನ್ನ ಹೆಸರು ಕೂಗುತ್ತ ನಡೆದಿದ್ದಳು. ನನ್ನನ್ನು ತಬ್ಬಿಕೊಂಡು ಅತ್ತಳು. ಇಂಥವಳಿಗೆ ಮುಚ್ಚಿಟ್ಟೆನಲ್ಲ ಅಂತ ನನಗೂ ಅಳು ಬಂತು.

ಅಳು ಮುಗಿಸಿ ಅವಳು ಸುತ್ತ ನೋಡಿದಳು. ಜಗಲಿ, ಉಪ್ಪಿಟ್ಟಿನ ತಟ್ಟೆ, ಹೊಸ ಸೀರೆಯುಟ್ಟ ನನ್ನ ಹೆಂಡತಿ, ಇಸ್ತ್ರಿ ಅಂಗಿಯ ಹುಡುಗ. ಅವಳಿಗೆ ಎಲ್ಲ ಗೊತ್ತಾಯಿತು. ನೇರ ಹುಡುಗನ ಹತ್ತಿರ ನಡೆದಳು. ಇದೂ ಮುರಿಯಿತು ಅಂದುಕೊಂಡೆ.

"ಒಸಿ ಬಗ್ಗಪ್ಪ," ಅಂದಳು.

ಅವನು ಕಾಲಿಗೆ ಬೀಳಲು ಹೇಳುತ್ತಿದ್ದಾಳೆ ಅಂದುಕೊಂಡು ಬಗ್ಗಿದ. ಅಕ್ಕ ಅವನ ಜುಟ್ಟು ಹಿಡಿದು ಒಂದು ಸಲ ಬಲವಾಗಿ ಜಗ್ಗಿ, ನನ್ನ ಕಡೆ ತಿರುಗಿದಳು.

"ಸ್ವಂತದ್ದೇ ಕಣ್ಲಾ. ವೀಳ್ಯ ತರ್ಸು."