ಮೂರು ಮನೆ, ಒಂದು ಪೈಪು

ನೆಲದಲ್ಲಿ ಹೂತ ಪೈಪಿನ ಮೇಲೆ ಮನೆ ಕಟ್ಟಿಕೊಂಡವರಿಗೆ ಇಂಥದ್ದು ಆಗುತ್ತಲೇ ಇರುತ್ತದೆ. ನೀರು ಎಲ್ಲಿಗೆ ಹೋಗುತ್ತಿದೆ ಎನ್ನುವುದು ಕಣ್ಣಿಗೆ ಕಾಣುವುದಿಲ್ಲ, ಪಕ್ಕದ ಮನೆಯವರು ಮಾತ್ರ ಕಾಣುತ್ತಾರೆ.

ತಮಿಳುನಾಡಿನ ಪೆರಂಬೂರು ದಾಟಿ ಸ್ವಲ್ಪ ಒಳಗೆ ಹೋದರೆ ನಮ್ಮ ಕಾಂಪೌಂಡು. ಅಪ್ಪ ಮನೆ ಕಟ್ಟಿಸಿದಾಗ ಅದು ಗದ್ದೆಗಳ ನಡುವಿನ ಹಳ್ಳಿಯಾಗಿತ್ತಂತೆ. ಬೀದಿಯಿಂದ ಒಂದೇ ಕಬ್ಬಿಣದ ಪೈಪು ಹೂಳಿಸಿ ಮೂರು ಮನೆಗೂ ನೀರು ಬರುವ ಹಾಗೆ ಮಾಡಿದವರು ಅವರೇ. ಮೊದಲನೆಯದು ನಮ್ಮ ಮನೆ, ನಡುವೆ ನಿವೃತ್ತ ಟೀಚರಮ್ಮ, ಕೊನೆಯಲ್ಲಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಈಚೆಗೆ ಕೊನೆಯ ಮನೆಗೆ ನೀರೇ ಹೋಗುತ್ತಿರಲಿಲ್ಲ. ಎಪ್ಪತ್ತು ದಾಟಿದ ಆ ಮನುಷ್ಯ ಬೀದಿಯ ಕೈಪಂಪಿನಿಂದ ಪ್ಲಾಸ್ಟಿಕ್ ಕೊಡ ಹೊತ್ತು ನಮ್ಮ ಬಾಗಿಲ ಮುಂದೆಯೇ ಹಾದು ಹೋಗುತ್ತಿದ್ದರು. ಹೋಗುವಾಗ ಒಮ್ಮೆ ನಮ್ಮ ಮನೆಯ ಕಡೆ ನೋಡುತ್ತಿದ್ದರು. ಆ ನೋಟ ನನಗೆ ಹಿಡಿಸುತ್ತಿರಲಿಲ್ಲ.

ಎಷ್ಟೋ ವರ್ಷದಿಂದ ಅವರು ಓದಿ ಮುಗಿಸಿದ ಪೇಪರು ಹತ್ತು ಗಂಟೆಗೆ ನಮ್ಮ ಮನೆಗೆ ಬರುತ್ತಿತ್ತು. ಅದು ನಿಂತುಹೋಯಿತು. ಶನಿವಾರ ಅಮ್ಮನ ಕೈಯಿಂದ ತೀರ್ಥ ತೆಗೆದುಕೊಳ್ಳಲು ಬರುವುದನ್ನು ಮಾತ್ರ ನಿಲ್ಲಿಸಲಿಲ್ಲ. ಅವರ ಸಿಟ್ಟು ನನ್ನ ಮೇಲೆ, ದೇವರ ಮೇಲಲ್ಲ. ನನಗೆ ನೀರಿಗಿಂತ ಹೆಚ್ಚಾಗಿ ಆ ಪೇಪರು ವಾಪಸು ಬೇಕಿತ್ತು, ಅಂದರೆ ಆ ಮನುಷ್ಯ ವಾಪಸು ಬೇಕಿತ್ತು. ಅದಕ್ಕೆ ನೀರಿನ ಕಳ್ಳನನ್ನು ಹಿಡಿದೇ ತೀರುತ್ತೇನೆಂದು ಹೊರಟೆ.

೧. ಟೀಚರಮ್ಮನ ಕರಿಬೇವು

ಮೊದಲ ಅನುಮಾನ ಟೀಚರಮ್ಮನ ಮೇಲೆ. ಮೇ ತಿಂಗಳ ಬಿಸಿಲಲ್ಲಿ ಊರಿಗೆ ಊರೇ ಒಣಗಿದ್ದರೂ ಅವರ ಕರಿಬೇವಿನ ಗಿಡ ಮಾತ್ರ ಹಸಿರಾಗಿ ತೂಗಾಡುತ್ತಿತ್ತು. ನಮ್ಮ ಹಿತ್ತಲ ಬಾಳೆಯೂ ಹಾಗೇ ಇತ್ತು, ಆದರೆ ಅದು ನಾನು ಹಾಕಿದ ಗೊಬ್ಬರದ ಗುಣ. ಸೊಪ್ಪು ಕೇಳುವ ನೆಪದಲ್ಲಿ ದಿನಾ ಹೋಗತೊಡಗಿದೆ. ಅವರು ಒಳಗೆ ಹೋದ ಕೂಡಲೇ ನೀರಿನ ಡ್ರಮ್ಮಿನ ಮುಚ್ಚಳ ತೆಗೆದು ಎಷ್ಟು ತುಂಬಿದೆ ಎಂದು ನೋಡುತ್ತಿದ್ದೆ.

ನಾಲ್ಕನೆಯ ದಿನ ಅವರು ಬೇಗ ಹೊರಗೆ ಬಂದುಬಿಟ್ಟರು. ನನ್ನ ಕೈ ಮೊಣಕೈವರೆಗೆ ಡ್ರಮ್ಮಿನೊಳಗಿತ್ತು. ಅಕ್ಕಿ ತೊಳೆದ ನೀರು, ಫಿಲ್ಟರ್ ಹೊರಹಾಕುವ ನೀರು ಎರಡನ್ನೂ ಹಿಡಿದಿಟ್ಟು ಗಿಡಕ್ಕೆ ಹಾಕುತ್ತೇನೆಂದು ಅವರು ಪಾಠ ಹೇಳುವವರ ಹಾಗೆ ಬಿಡಿಸಿ ಹೇಳಿದರು. ನಾನು ತಲೆ ತಗ್ಗಿಸಿ ಬಂದೆ.

ಮರುದಿನ ಡ್ರಮ್ಮಿಗೆ ಬೀಗ ಬಿದ್ದಿತ್ತು. ಕಾಂಪೌಂಡಿನಲ್ಲಿ ನೀರು ಕದಿಯುವವರಿದ್ದಾರೆ ಎಂಬ ಅನುಮಾನ ಆಕೆಗೆ ಮೊದಲ ಸಲ ಬಂದದ್ದು ನನ್ನನ್ನು ನೋಡಿ.

೨. ಸರಳಿನ ಸಾಕ್ಷಿ

ಕೊನೆಗೆ ಹಳೆ ಪೈಪು ತೆಗೆದು ಹೊಸದು ಹಾಕಿಸುವುದೆಂದು ಮೂರು ಮನೆಯವರೂ ಒಪ್ಪಿದೆವು. ಪ್ಲಂಬರ್ ಬಂದು ಪೈಪು ಯಾವ ಕಡೆ ಹೋಗಿದೆ ಎಂದು ಕೇಳಿದ. ಯಾರಿಗೂ ಗೊತ್ತಿರಲಿಲ್ಲ. ಅವನು ಉದ್ದನೆಯ ಕಬ್ಬಿಣದ ಸರಳನ್ನು ನೆಲಕ್ಕೆ ಊರಿ, ಮೇಲಿನ ತುದಿಗೆ ಕಿವಿ ಇಟ್ಟ. ಸೋರುವ ನೀರಿನ ಸದ್ದು ಹೀಗೆ ಕೇಳಿಸುತ್ತದಂತೆ.

ಫಿಟ್ಟರ್ ಅವನನ್ನು ಪಕ್ಕಕ್ಕೆ ಸರಿಸಿದರು. ಜನ್ಮವೆಲ್ಲ ರೈಲಿನ ಚಕ್ರ ತಟ್ಟಿ ಸದ್ದು ಕೇಳಿದ ಕಿವಿ ತಮ್ಮದು ಎಂದು ಹೇಳಿ ತಾವೇ ಕೇಳಿಸಿಕೊಂಡರು. ನೀರು ನಮ್ಮ ಮನೆ ಕಡೆಗೇ ಹೋಗುತ್ತಿದೆಯಂತೆ. ಟೀಚರಮ್ಮ ಕೇಳಿದರು, ಅವರಿಗೂ ನಮ್ಮ ಮನೆ ಕಡೆಗೇ ಅನ್ನಿಸಿತು. ನಾನೂ ಕಿವಿ ಇಟ್ಟೆ. ಗುಡುಗುಡು ಎನ್ನುವ ಸದ್ದು ಸ್ಪಷ್ಟವಾಗಿ ಕೊನೆಯ ಮನೆ ಕಡೆಗೆ ಹೋಗುತ್ತಿತ್ತು, ದೇವರಾಣೆ. ನಮ್ಮ ಮಾತು ಏರುತ್ತಿದ್ದಂತೆ ಪ್ಲಂಬರ್ ಇನ್ನೊಮ್ಮೆ ಕಿವಿ ಇಟ್ಟು ನನ್ನ ಕಡೆ ತಿರುಗಿದ.

"ಸಾರ್, ನಿಮ್ಮ ಮನೇಲಿ ಗ್ರೈಂಡರ್ ಓಡ್ತಿದೆಯಾ?" ಎಂದ.

ನನ್ನ ಹೆಂಡತಿ ಇಡ್ಲಿಗೆ ಹಿಟ್ಟು ರುಬ್ಬುತ್ತಿದ್ದಳು.

೩. ಗುಂಡಿಯಲ್ಲಿ ಸಿಕ್ಕಿದ್ದು

ಪೈಪು ಹೂಳಿದ್ದನ್ನು ಕಣ್ಣಾರೆ ಕಂಡವರು ಉಳಿದಿದ್ದದ್ದು ನಮ್ಮ ಅಮ್ಮ ಒಬ್ಬರೇ. ಎಂಬತ್ತೆಂಟು ವರ್ಷ, ಆದರೂ ಮಡಿ ಬಿಟ್ಟವರಲ್ಲ, ಜ್ಞಾಪಕಶಕ್ತಿಯೂ ಚೆನ್ನಾಗಿದೆ. ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸಿದೆವು. ಅಲ್ಲಿ ಅಗಿ, ಇಲ್ಲಿ ಅಗಿ ಎಂದು ಕೋಲು ತೋರಿಸಿ ಮೂರು ಗುಂಡಿ ತೋಡಿಸಿದರು. ಬಾಳೆಯ ಹತ್ತಿರ ಪ್ಲಂಬರ್ ಹಾರೆ ಎತ್ತಿದಾಗ ಮಾತ್ರ, "ಅಲ್ಲಿ ಬೇಡ, ಅದು ದೇವರ ನಿರ್ಮಾಲ್ಯ ಹಾಕೋ ಜಾಗ" ಎಂದು ತಡೆದರು.

ಮೂರನೆಯ ಗುಂಡಿ ನಮ್ಮ ಗೋಡೆಯ ಪಕ್ಕದಲ್ಲೇ ಇತ್ತು. ಅದರಲ್ಲಿ ಪೈಪು ಸಿಗಲಿಲ್ಲ, ಒಂದು ಹಿತ್ತಾಳೆ ಚೊಂಬು ಸಿಕ್ಕಿತು. ಮಣ್ಣು ಒರೆಸಿ ನೋಡಿದರೆ ಅಂಚಿನಲ್ಲಿ ತಮಿಳಿನಲ್ಲಿ ಹೆಸರು ಕೆತ್ತಿತ್ತು. ಫಿಟ್ಟರ್ ಅದನ್ನು ತಿರುಗಿಸಿ ತಿರುಗಿಸಿ ಓದಿದರು. ತೀರಿಹೋದ ಅವರ ಹೆಂಡತಿಯ ಹೆಸರು, ಮದುವೆಗೆ ತವರಿನಿಂದ ಬಂದ ಚೊಂಬು. ಮಕ್ಕಳು ಚಿಕ್ಕವರಿದ್ದಾಗ ಮಣ್ಣಲ್ಲಿ ಆಡುತ್ತ ಹೂತಿರಬೇಕು ಎಂದೆ. ನನಗೆ ನಿಜವಾಗಿ ಪಿಚ್ಚೆನಿಸಿತು. ಅವರು ಚೊಂಬನ್ನು ಎದೆಗವಚಿಕೊಂಡು ಹೋದರು.

ಅರ್ಧ ದಾರಿಯಲ್ಲಿ ನಿಂತು ತಿರುಗಿ, "ಅದರ ಜೊತೆ ಒಂದು ತಟ್ಟೆನೂ ಇತ್ತು ಸಾರ್" ಎಂದರು.

೪. ಒಳಗಿನ ನಲ್ಲಿ

ನಮ್ಮ ದೇವರ ಮನೆಯ ಮೂಲೆಯಲ್ಲಿ ಅಮ್ಮನ ಮಡಿ ನೀರಿಗೆ, ಶನಿವಾರದ ತೀರ್ಥಕ್ಕೆ ಎಂದೇ ಒಂದು ನಲ್ಲಿಯಿದೆ. ಹಿತ್ತಲ ಬಾವಿಯ ನೀರು ಅದು ಎಂದು ಅಪ್ಪ ಹೇಳಿದ್ದರು. ಬಾವಿಯ ತಳ ಕಂಡ ಬೇಸಿಗೆಯಲ್ಲೂ ಅದು ನಿಂತದ್ದಿಲ್ಲ. ಶ್ರೀನಿವಾಸನ ದಯೆ ಎನ್ನುತ್ತಿದ್ದರು ಅಮ್ಮ. ಇಡೀ ಕಾಂಪೌಂಡಿನಲ್ಲಿ ನಾನು ಅನುಮಾನಪಡದೇ ಇದ್ದದ್ದು ಅದೊಂದರ ಮೇಲೆಯೇ.

ಅಮ್ಮ ಮಧ್ಯಾಹ್ನ ಮಲಗಿದ್ದಾಗ ಪ್ಲಂಬರ್ ಬಾಳೆಯ ಬುಡ ಅಗೆದ. ದೊಡ್ಡ ಪೈಪು ಅಲ್ಲೇ ಇತ್ತು. ಅದಕ್ಕೆ ಅಂಟಿಕೊಂಡು ಒಂದು ಸಣ್ಣ ಪೈಪು ಕವಲೊಡೆದು ನೇರವಾಗಿ ನಮ್ಮ ದೇವರ ಮನೆಯ ಗೋಡೆಗೆ ಹೋಗಿತ್ತು. ಕವಲು ತುಕ್ಕು ಹಿಡಿದು ಬಾಯಿ ಬಿಟ್ಟಿತ್ತು. ಮುಂದಿನ ಮನೆಗಳಿಗೆ ಹೋಗಬೇಕಾದ ನೀರಿನಲ್ಲಿ ಒಂದಷ್ಟನ್ನು ದೇವರು ಕುಡಿಯುತ್ತಿದ್ದ, ಮಿಕ್ಕಿದ್ದನ್ನು ನನ್ನ ಬಾಳೆ. ಮೂರು ಮನೆಯವರೂ ಗುಂಡಿಯೊಳಗೆ ಬಗ್ಗಿ ನೋಡಿದೆವು. ಆಮೇಲೆ ಅವರಿಬ್ಬರೂ ನನ್ನನ್ನು ನೋಡಿದರು.

ಅಷ್ಟರಲ್ಲಿ ಅಮ್ಮ ಬಾಗಿಲಿಗೆ ಬಂದು ನಿಂತಿದ್ದರು. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ಊರವರ ಕೊಡವೆಲ್ಲ ತಾಗಿದ ಮೇಲೆ ಸಿಗುವ ನೀರು ಮಡಿಗೆ ಆಗುವುದಿಲ್ಲ ಎಂದು ತಾನೇ ಹಟ ಹಿಡಿದು, ಯಾರಿಗೂ ತಿಳಿಯದ ಹಾಗೆ ಅಪ್ಪನ ಕೈಯಲ್ಲಿ ಆ ಕವಲು ಹಾಕಿಸಿದ್ದು ಎಂದು ಒಪ್ಪಿಕೊಂಡರು. ನನಗೆ ಆ ಗುಂಡಿಗೇ ಇಳಿದು ಮಣ್ಣು ಮುಚ್ಚಿಸಿಕೊಳ್ಳೋಣ ಎನಿಸಿತು.

ಫಿಟ್ಟರ್ ಮೆಲ್ಲಗೆ ಕೇಳಿದರು. "ಅಂದ್ರೆ ಇಷ್ಟು ವರ್ಷ ನನ್ನ ನೀರನ್ನೇ ನನಗೆ ಒಂದೊಂದು ಚಮಚ ಕೊಡ್ತಿದ್ರಾ ಮಾಮಿ?"

ಅಮ್ಮ ಸ್ವಲ್ಪವೂ ಅಳುಕಲಿಲ್ಲ. "ಕೊಡ ತುಂಬ ಕೊಟ್ಟಿದ್ರೆ ನೀನು ಕೈಮುಗಿದು ತಗೋತಿದ್ಯಾಪ್ಪಾ?" ಎಂದರು.

ಫಿಟ್ಟರ್ ತಿರುಗಿ ಮನೆಗೆ ಹೋದರು. ಕವಲು ಕಿತ್ತು ಹಾಕಿ, ಹೊಸ ಪೈಪು ಹೂಳಿ, ಕೊನೆಯ ಮನೆಯ ನಲ್ಲಿಯಲ್ಲಿ ನೀರು ಧೋ ಎಂದು ಸುರಿದ ದಿನವೂ ನನ್ನ ಜೊತೆ ಮಾತಾಡಲಿಲ್ಲ. ಇನ್ನು ತೀರ್ಥಕ್ಕೂ ಬರುವುದಿಲ್ಲ ಎಂದುಕೊಂಡೆ.

ಶನಿವಾರ ಬೆಳಿಗ್ಗೆ ಬಂದರು. ಅಮ್ಮ ಉದ್ಧರಣೆಯ ಚಮಚ ಹಿಡಿದು ತೀರ್ಥ ಕೊಡಲು ಹೊರಟರೆ ಅವರು ಅಂಗೈ ಚಾಚಲಿಲ್ಲ. ಹುಣಿಸೆಹಣ್ಣು ಹಾಕಿ ಫಳಫಳ ಉಜ್ಜಿದ ಆ ಹಿತ್ತಾಳೆ ಚೊಂಬನ್ನು ಅಮ್ಮನ ಮುಂದಿಟ್ಟರು. ಆಮೇಲೆ ಹೊರಗಿನ ತಿಣ್ಣೆಯ ಮೇಲೆ ನನ್ನ ಪಕ್ಕದಲ್ಲೇ ಆರಾಮಾಗಿ ಕೂತು, ಕಂಕುಳಲ್ಲಿದ್ದದ್ದನ್ನು ತೆಗೆದು ಬಿಡಿಸಿದರು.

"ಆ ಚಮಚದಲ್ಲೇ ನಿಧಾನವಾಗಿ ತುಂಬ್ಸಿ ಮಾಮಿ" ಎಂದರು. "ಪೇಪರ್ ತಂದಿದೀನಿ."