ಮನೆ ಕಾರಿಗೆ ರೇಸಿನ ಬ್ರೇಕು

ಊರವರಿಗೆ ಬುದ್ಧಿ ಹೇಳಿ ಸಂಬಳ ಪಡೆಯುವವರ ಮನೆಯಲ್ಲಿ ಆ ಬುದ್ಧಿಗೆ ಜಾಗವಿರುವುದಿಲ್ಲ. ಬೇಕಾದರೆ ಹಲ್ಲಿನ ಡಾಕ್ಟರ ಮಕ್ಕಳ ಬಾಯಿ ತೆರೆಸಿ ನೋಡಿ. ನನ್ನ ಕಥೆಯೂ ಅದೇ. ತೊಂಬತ್ತರ ದಶಕದಲ್ಲಿ ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿದ್ದೆ. ಕಾರಿನ ಚಕ್ರದ ಜೊತೆ ತಿರುಗುವ, ಬ್ರೇಕ್ ಒತ್ತಿದರೆ ಎರಡೂ ಕಡೆಯಿಂದ ಪ್ಯಾಡು ಬಂದು ಹಿಡಿಯುವ ಬೀಡುಕಬ್ಬಿಣದ ತಟ್ಟೆ, ಅಂದರೆ ಡಿಸ್ಕು, ಅಲ್ಲಿ ತಯಾರಾಗುತ್ತಿತ್ತು. ಯಾರ ಕಾರಿಗೆ ಯಾವ ಡಿಸ್ಕು ಎಂದು ಆರಿಸಿಕೊಡುವುದು ನನ್ನ ಕೆಲಸ. ಗಿರಾಕಿಯನ್ನು ಕೂರಿಸಿ, ಕಾಫಿ ತರಿಸಿ, ವಿಚಾರಣೆ ಶುರುಮಾಡುತ್ತಿದ್ದೆ. ರೇಸಿಗೋ ರಸ್ತೆಗೋ? ಒಬ್ಬರೇ ಓಡಾಡುತ್ತೀರೋ, ಮನೆಮಂದಿಯೂ ಇರುತ್ತಾರೋ? ಘಾಟಿ ಇಳಿಯುವುದುಂಟೋ? ಹೆಣ್ಣು ನೋಡಲು ಬಂದವರೂ ಇಷ್ಟು ಕೇಳಲಾರರು. ಮದ್ರಾಸಿನ ಕಡೆ ರೇಸಿಗೆ ಹೋಗುವ ಹುಡುಗರಿಗೆ ತೂತು ಕೊರೆದ ಡಿಸ್ಕೇ ಆಗಬೇಕು, ಜೊತೆಗೆ ಗಡಸು ಪ್ಯಾಡು. ಆ ಜೋಡಿ ಚೆನ್ನಾಗಿ ಕಾದ ಮೇಲೇ ಸರಿಯಾಗಿ ಹಿಡಿಯುವುದು. ತಣ್ಣಗಿದ್ದಾಗ ಮಹಾ ಸೋಮಾರಿ. ಮನೆ ಕಾರಿಗೆ ಸಾದಾ ಡಿಸ್ಕು, ಸಾದಾ ಪ್ಯಾಡೇ ಸರಿ ಎಂದು ಸಾವಿರ ಸಲ ಹೇಳಿದ್ದೇನೆ.

ಅಷ್ಟರಲ್ಲಿ ನನ್ನ ಹೆಂಡತಿ ಶೈಲಜಾಗೆ ಆರು ತಿಂಗಳಾಯಿತು. ಅವಳ ತವರು ದಾವಣಗೆರೆ. ಚೊಚ್ಚಲ ಹೆರಿಗೆ, ತವರಿಗೆ ಹೋಗಲೇಬೇಕಲ್ಲ. ಬಸ್ಸಿನ ಕುಲುಕಾಟ ಬೇಡ, ದಸರಾ ಕಳೆದ ಮೇಲೆ ನಾನೇ ಬಿಟ್ಟುಬರುತ್ತೇನೆಂದು ತೀರ್ಮಾನಿಸಿ ಹಳೆಯ ಕಾರೊಂದನ್ನು ಕೊಂಡೆ. ಆದರೆ ತುಮಕೂರು ರಸ್ತೆಯ ಲಾರಿಗಳನ್ನು ನೆನೆದು ನಡುರಾತ್ರಿ ಎದ್ದು ಕೂರುತ್ತಿದ್ದೆ. ಅಷ್ಟು ಜೋರಾಗಿ ಓಡುವ ರೇಸಿನ ಕಾರನ್ನೇ ನಿಲ್ಲಿಸುವ ಡಿಸ್ಕು ನನ್ನ ಹೆಂಡತಿ ಮಗುವನ್ನು ಕಾಯಲಾರದೇ? ಸಾವಿರ ಸಲ ಹೇಳಿದ ಬುದ್ಧಿ ಭಯದ ಮುಂದೆ ಮಂಗಮಾಯವಾಯಿತು. ಇದ್ದುದರಲ್ಲೇ ಒಳ್ಳೆಯ ತೂತಿನ ಡಿಸ್ಕು, ಗಡಸು ಪ್ಯಾಡು ಹಾಕಿಸಿದೆ. ಯಾರಿಗೂ ಹೇಳಲಿಲ್ಲ.

ಆಯುಧಪೂಜೆಯ ಬೆಳಿಗ್ಗೆ ಕಾರ್ಖಾನೆಯ ಲೇತಿಗೂ ಡ್ರಿಲ್ಲಿಗೂ ವಿಭೂತಿ, ಕುಂಕುಮ, ಸೇವಂತಿಗೆ ಹಾರ ಹಾಕಿ, ಕೊನೆಗೆ ಹಿಂದಿನ ದಿನವೇ ಅಂಗಳದಲ್ಲಿ ತಂದು ನಿಲ್ಲಿಸಿದ್ದ ನನ್ನ ಕಾರಿಗೆ ಬಂದರು. ನಾಲ್ಕೂ ಚಕ್ರದಡಿ ನಿಂಬೆಹಣ್ಣು. ಶೈಲಜಾ ಹೆಂಗಸರ ಜೊತೆ ಜಗಲಿಯ ಮೇಲೆ ನಿಂತಿದ್ದಳು. ಹಣ್ಣು ಅಪ್ಪಚ್ಚಿಯಾಗುವಷ್ಟು ಮುಂದೆ ಹೋಗಿ ನಿಂತರಾಯಿತು. ಹಣ್ಣೇನೋ ಅಪ್ಪಚ್ಚಿಯಾಯಿತು. ಎಂದಿನಂತೆ ಮೆಲ್ಲಗೆ ಬ್ರೇಕ್ ಒತ್ತಿದೆ. ಅಂಗಳ ಇಳಿಜಾರು, ಡಿಸ್ಕು ತಣ್ಣಗಿತ್ತು, ಕಾರು ನನ್ನ ಮಾತು ಕೇಳಲಿಲ್ಲ. ಮೈಭಾರವನ್ನೆಲ್ಲ ಹಾಕಿ ತುಳಿದ ಮೇಲೆ ನಿಂತಿತು. ಅಷ್ಟರಲ್ಲಿ ಗೇಟಿಗೆ ಕಟ್ಟಿದ್ದ ಬಾಳೆಕಂದು ಬಾನೆಟ್ಟಿನ ಮೇಲೆ ಮಲಗಿತ್ತು. ಲೇತಿನ ಹಿರಿಯ ಮುನಿಯಪ್ಪನವರು ಬಗ್ಗಿ ಚಕ್ರದ ಸಂದಿಯಲ್ಲಿ ಇಣುಕಿದರು.

"ಏನ್ ಸಾ, ಊರ್ಗೆಲ್ಲ ಬ್ಯಾಡ ಅಂದಿದ್ದನ್ನ ನೀವೇ ಆಕ್ಕೊಂಡಿದೀರಲ್ಲ," ಎಂದರು.

ಎಲ್ಲರೂ ನಕ್ಕರು. ಶೈಲಜಾ ನಗಲಿಲ್ಲ. ಆ ಕಾರನ್ನು ಇನ್ನು ಹತ್ತುವುದಿಲ್ಲ ಎಂದು ಹೇಳಿ ಆಟೋದಲ್ಲಿ ರಾಜಗೋಪಾಲನಗರದ ಮನೆಗೆ ಹೋದಳು.

ಹಬ್ಬ ಮುಗಿದ ಕೂಡಲೇ ಸಾದಾ ಡಿಸ್ಕು, ಪ್ಯಾಡಿನ ಜೋಡಿ ಹಾಕಿಸಿ, ಅಡುಗೆಮನೆಯ ಬಾಗಿಲಲ್ಲಿ ನಿಂತು ಅದರ ಗುಣಗಾನ ಶುರುಮಾಡಿದೆ. ಅವಳು ಈರುಳ್ಳಿ ಹೆಚ್ಚುತ್ತಿದ್ದಳು.

"ಬಂದವ್ರನ್ನೆಲ್ಲ ಕೂರಿಸ್ಕೊಂಡು ಹತ್ತು ಪ್ರಶ್ನೆ ಕೇಳ್ತೀರಂತೆ. ನನ್ನ ಒಂದಾದ್ರೂ ಕೇಳಿದ್ರಾ?"

ಕೇಳಿರಲಿಲ್ಲ. ಅಲ್ಲೇ ಮಣೆ ಎಳೆದುಕೊಂಡು ಕೂತು ಕೇಳಿದೆ. ಅವಳಿಗೆ ದಾವಣಗೆರೆಗೆ ಹೋಗುವುದೇ ಬೇಕಿರಲಿಲ್ಲವಂತೆ. ಅವ್ವ ಇಲ್ಲಿಗೇ ಬರಲಿ, ಅಷ್ಟು ತಿಂಗಳು ನಿಮ್ಮನ್ನು ನೋಡದೆ ಇರಲಾರೆ ಎಂದಳು. ನನ್ನ ಈ ಮುಖವನ್ನೂ ನೋಡದೆ ಇರಲಾರದವರು ಇದ್ದಾರೆಂದು ತಿಳಿದು ಕಣ್ಣು ತುಂಬಿತು. ತಪ್ಪನ್ನು ಈರುಳ್ಳಿಯ ಮೇಲೆ ಹಾಕಿ ಒರೆಸಿಕೊಂಡೆ.

ಜನವರಿಯ ಒಂದು ಮಧ್ಯಾಹ್ನ ನೋವು ಶುರುವಾಯಿತು. ಆಸ್ಪತ್ರೆ ಎರಡೇ ಕಿಲೋಮೀಟರು. ಹಿಂದಿನ ಸೀಟಿನಲ್ಲಿ ಅತ್ತೆ ಶಿವಶಿವಾ ಎನ್ನುತ್ತಿದ್ದರು. ಸಾದಾ ಡಿಸ್ಕು ಮುಟ್ಟಿದರೆ ಹಿಡಿಯುತ್ತಿತ್ತು, ನಾನು ಮುಟ್ಟುತ್ತಲೇ ಇದ್ದೆ. ಗುಂಡಿ ಕಂಡರೆ ಬ್ರೇಕು, ನಾಯಿ ಕಂಡರೆ ಬ್ರೇಕು, ಏನೂ ಕಾಣದಿದ್ದರೆ ಏನಾದರೂ ಬಂದೀತೆಂದು ಬ್ರೇಕು. ಸೈಕಲ್ಲಿನವನೊಬ್ಬ ನಮ್ಮನ್ನು ಹಿಂದೆ ಹಾಕಿ ಮುಂದೆ ಹೋದ. ಪಕ್ಕದಲ್ಲಿ ಕೂತಿದ್ದ ಶೈಲಜಾ ನನ್ನ ತೋಳು ಹಿಡಿದುಕೊಂಡು, ಹಲ್ಲು ಕಚ್ಚಿ, ಆದರೂ ಮೆಲ್ಲಗೆ ಹೇಳಿದಳು:

"ರೀ, ಈಗಲಾದ್ರೂ ಬ್ರೇಕ್ ಮೇಲಿಂದ ಕಾಲು ತೆಗೀರಿ."